ರಜೆಗೆ ಬಂದಾಗ ಹಲ್ಲೆಲ್ಲ ಒಂದೇ ಸಲ ಮುಗಿಸಬಹುದಾ?

ಪ್ರಶ್ನೆ: "ಮಗ ಜರ್ಮನಿಯಲ್ಲಿದ್ದಾನೆ. ಅಲ್ಲಿ ಹಲ್ಲಿನ ಖರ್ಚು ತುಂಬಾ ಜಾಸ್ತಿಯಂತೆ. ಡಿಸೆಂಬರಿನಲ್ಲಿ ಎರಡು ವಾರ ಮುಂಬೈ ಪಕ್ಕದ ಡೊಂಬಿವಲಿಗೆ ಬರುತ್ತಾನೆ. ಒಂದು ಹಲ್ಲು ಕೀಳಿಸಿ ಇಂಪ್ಲಾಂಟ್ ಹಾಕಿಸಬೇಕು, ಇನ್ನೊಂದಕ್ಕೆ ರೂಟ್ ಕೆನಾಲ್ ಆಗಬೇಕು. ಎಲ್ಲ ಒಂದೇ ಸಲ ಮುಗಿಸಿ ಕಳಿಸಬಹುದಾ ಡಾಕ್ಟ್ರೇ?"

ರೂಟ್ ಕೆನಾಲ್ ಮುಗಿಯುತ್ತದೆ. ಇಂಪ್ಲಾಂಟ್ ಮುಗಿಯುವುದಿಲ್ಲ.

ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ ಎಂಬುದು ಇಷ್ಟು ವರ್ಷದಲ್ಲಿ ನನಗೆ ಗೊತ್ತಾಗಿದೆ. ನವೆಂಬರ್ ಬಂತೆಂದರೆ ಇದೇ ಪ್ರಶ್ನೆ. ಮಗನ ಬದಲು ಸೊಸೆ, ಜರ್ಮನಿಯ ಬದಲು ನ್ಯೂಜೆರ್ಸಿ, ಡೊಂಬಿವಲಿಯ ಬದಲು ಗೋರೆಗಾಂವ್. ಹಾಗಾಗಿ ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ರೂಟ್ ಕೆನಾಲ್ ಅಂದರೆ ಹಲ್ಲಿನೊಳಗಿನ ಕೆಟ್ಟ ನರ ತೆಗೆದು, ಸ್ವಚ್ಛ ಮಾಡಿ, ತುಂಬಿಸುವುದು. ಇಂಪ್ಲಾಂಟ್ ಅಂದರೆ ಹೋದ ಹಲ್ಲಿನ ಬೇರಿನ ಜಾಗದಲ್ಲಿ ಮೂಳೆಗೆ ಸ್ಕ್ರೂ ಕೂರಿಸಿ, ಅದರ ಮೇಲೆ ಹಲ್ಲು ಕಟ್ಟುವುದು.

ಮೊದಲು ಖರ್ಚಿನ ಮಾತು. ಮುಂಬೈಯ ಉಪನಗರಗಳಲ್ಲಿ ಒಂದು ರೂಟ್ ಕೆನಾಲ್, ಅದರ ಮೇಲೊಂದು ಜಿರ್ಕೋನಿಯಾ (ಹಲ್ಲಿನ ಬಣ್ಣದ ಗಟ್ಟಿ ಪಿಂಗಾಣಿ) ಕ್ಯಾಪ್, ಎರಡೂ ಸೇರಿ ಸಾಮಾನ್ಯವಾಗಿ 12 ಸಾವಿರದಿಂದ 25 ಸಾವಿರ ರೂಪಾಯಿ ಆಗುತ್ತದೆ. ಅಮೆರಿಕದಲ್ಲಿ ಇಷ್ಟೇ ಕೆಲಸ ಎರಡು ಸಾವಿರ ಡಾಲರ್ ದಾಟುವುದು ಮಾಮೂಲು. ಅಲ್ಲಿ ಹಲ್ಲಿನ ವಿಮೆ ಬೇರೆ, ಮೈಯ ವಿಮೆ ಬೇರೆ. ಹಲ್ಲಿನ ವಿಮೆ ವರ್ಷಕ್ಕೆ ಸಾವಿರವೋ ಎರಡು ಸಾವಿರವೋ ಡಾಲರ್ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಅಮೆರಿಕದವರು ಟಿಕೆಟ್ ಹೇಗೂ ತೆಗೆದಾಗಿದೆ, ಇಲ್ಲೇ ಮಾಡಿಸಿಕೊಳ್ಳುತ್ತೇವೆ ಎಂದರೆ ನಾನು ಬೇಡ ಅನ್ನುವುದಿಲ್ಲ.

ಆದರೆ 'ಫಾರಿನ್' ಅಂದಕೂಡಲೇ ಎಲ್ಲ ಕಡೆಯೂ ಅದೇ ಲೆಕ್ಕ ಅಲ್ಲ. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯ, ಅಂದರೆ ಎನ್‌ಎಚ್‌ಎಸ್‌ ದರ ಮೂರು ಹಂತದಲ್ಲಿದೆ. 2025ರ ಏಪ್ರಿಲ್‌ನಲ್ಲಿ ನಿಗದಿಯಾದಂತೆ ತಪಾಸಣೆಗೆ 27.40 ಪೌಂಡ್, ಫಿಲ್ಲಿಂಗ್ ಮತ್ತು ರೂಟ್ ಕೆನಾಲ್‌ಗೆ 75.30, ಕ್ಯಾಪ್ ಅಥವಾ ಪಕ್ಕದ ಹಲ್ಲುಗಳ ಆಧಾರದಲ್ಲಿ ಕಟ್ಟುವ ಬ್ರಿಡ್ಜ್‌ಗೆ 326.70 ಇತ್ತು. ಒಂದೇ ಚಿಕಿತ್ಸೆಯಲ್ಲಿ ಎರಡು ಫಿಲ್ಲಿಂಗ್, ಒಂದು ರೂಟ್ ಕೆನಾಲ್ ಆದರೂ ಅದೇ 75.30. ನಮ್ಮ ದುಡ್ಡಿನಲ್ಲಿ ಒಂಬತ್ತು ಸಾವಿರದ ಆಸುಪಾಸು. ಇದಕ್ಕೋಸ್ಕರ ಮಾಟುಂಗಾಕ್ಕೆ ಬರಬೇಕಾ? ಅಲ್ಲಿನ ನಿಜವಾದ ತೊಂದರೆ ಬೇರೆ. ಹೊಸ ರೋಗಿಯನ್ನು ಎನ್‌ಎಚ್‌ಎಸ್‌ ದರದಲ್ಲಿ ಸೇರಿಸಿಕೊಳ್ಳುವ ಡೆಂಟಿಸ್ಟ್ ಸಿಗುವುದೇ ಕಷ್ಟ. ಸಿಕ್ಕರೆ ಬಿಡಬೇಡಿ. ಗರ್ಭಿಣಿಯರಿಗೆ, ಹೆರಿಗೆಯಾಗಿ ಒಂದು ವರ್ಷದೊಳಗಿನ ತಾಯಂದಿರಿಗೆ ಅಲ್ಲಿ ಇದು ಉಚಿತ ಕೂಡ. ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಇದನ್ನು ಬಳಸಿಕೊಂಡಿದ್ದಾರೋ ದೇವರೇ ಬಲ್ಲ.

ಜರ್ಮನಿಯ ವಿಷಯ ಈ ತಾಯಿಗೆ ಬೇಕಾದದ್ದು. ಅಲ್ಲಿನ ಕಡ್ಡಾಯ ಆರೋಗ್ಯ ವಿಮೆಯಲ್ಲಿ ತಪಾಸಣೆ, ಸಾಧಾರಣ ಫಿಲ್ಲಿಂಗ್, ಉಳಿಸಬಹುದಾದ ಹಲ್ಲಿಗೆ ರೂಟ್ ಕೆನಾಲ್ ಸಿಗುತ್ತವೆ. ಡಾಕ್ಟರು ಇನ್ನೂ ಆಧುನಿಕ ವಿಧಾನ ಎಂದು ಸೂಚಿಸಿದ ಹೆಚ್ಚುವರಿಗೆ ಕೈಯಿಂದ ಕೊಡಬೇಕು. ಕ್ಯಾಪ್, ಬ್ರಿಡ್ಜ್, ಇಂಪ್ಲಾಂಟ್ ಮೇಲೆ ಕೂರಿಸುವ ಹಲ್ಲು, ಇವಕ್ಕೆಲ್ಲ ಸಾಧಾರಣ ಮಟ್ಟದ ಚಿಕಿತ್ಸೆಯ ಲೆಕ್ಕದಲ್ಲಿ ಶೇಕಡಾ 60ರಷ್ಟು ಸಹಾಯ. ಪ್ರತಿ ವರ್ಷ ತಪಾಸಣೆಗೆ ಹೋಗಿ ಬೋನಸ್ ಪುಸ್ತಕದಲ್ಲಿ ದಾಖಲೆ ಮಾಡಿಸಿದ್ದರೆ ಐದು ವರ್ಷಕ್ಕೆ ಅದು 70, ಹತ್ತು ವರ್ಷಕ್ಕೆ 75. ನಿಮ್ಮ ಮಗ ಜರ್ಮನಿಗೆ ಹೋದ ವರ್ಷದಿಂದಲೇ ಆ ಪುಸ್ತಕ ಮಾಡಿಸಿದ್ದಾನಾ ಕೇಳಿ. "ಊರಿಗೆ ಬಂದಾಗ ತೋರಿಸಿದರಾಯಿತು" ಎಂದು ಅಲ್ಲಿ ಒಮ್ಮೆಯೂ ಬಾಯಿ ತೆರೆಯದವರೇ ಜಾಸ್ತಿ. ಅವರು ಕಳೆದುಕೊಳ್ಳುವುದು ಈ ಹತ್ತು-ಹದಿನೈದು ಶೇಕಡಾವನ್ನು.

ಇನ್ನು ಇಂಪ್ಲಾಂಟ್. ನನ್ನ ತಲೆ ತಿನ್ನುವ ನಂಬಿಕೆ ಇದೇ: ಇಂಪ್ಲಾಂಟ್ ಅಂದರೆ ಒಂದು ಸ್ಕ್ರೂ, ಮೂಳೆಯಲ್ಲಿ ತೂತು ಮಾಡಿ ತಿರುಗಿಸಿದರೆ ಆಯಿತು, ಮೇಲೆ ಹಲ್ಲು ಕೂರಿಸಿದರೆ ಕೆಲಸ ಮುಗಿಯಿತು, ಹತ್ತು ದಿನ ಯಾಕೆ, ಮೂರೇ ದಿನ ಸಾಕು. "ನಮ್ಮ ನೆಂಟರಿಗೆ ಮೂರು ದಿನದಲ್ಲಿ ಮಾಡಿಕೊಟ್ಟರು, ನೀವು ಯಾಕೆ ಸುಮ್ನೆ ಎಳೆಯುತ್ತೀರಿ?" ಎಂದು ಮುಖಕ್ಕೇ ಕೇಳಿದವರಿದ್ದಾರೆ. ನಾನು ಎಳೆಯುತ್ತಿಲ್ಲ ತಾಯಿ. ಎಳೆಯುವುದು ನಿಮ್ಮ ಮಗನ ಮೂಳೆ.

ಕತೆ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. 1950ರ ದಶಕದಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಮೂಳೆಯಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂದು ನೋಡುತ್ತಿದ್ದರು. ಅದಕ್ಕಾಗಿ ಮೂಳೆಯೊಳಗೆ ಟೈಟೇನಿಯಂನ ಪುಟ್ಟ ಉಪಕರಣ ಇಟ್ಟಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ. ಮೂಳೆ ಅದನ್ನು ತನ್ನದೇ ಅಂಗ ಎಂಬಂತೆ ಹಿಡಿದುಕೊಂಡಿತ್ತು. ಇವತ್ತಿನ ಹಲ್ಲಿನ ಇಂಪ್ಲಾಂಟ್ ಹುಟ್ಟಿದ್ದು ಅಲ್ಲಿಂದ. 1965ರಲ್ಲಿ ಅವರು ಮೊದಲ ಸಲ ಒಬ್ಬ ರೋಗಿಯ ದವಡೆಗೆ ಇಂಪ್ಲಾಂಟ್ ಹಾಕಿದರು. ಆ ಮನುಷ್ಯ 2006ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ 40 ವರ್ಷ, ಅವು ಕೆಲಸ ಮಾಡಿದವು.

ಇದರಲ್ಲಿ ಗಮನಿಸಬೇಕಾದದ್ದು ಮೂಳೆ ಹಿಡಿದುಕೊಂಡಿತು ಎಂಬುದನ್ನು. ಡಾಕ್ಟರು ಬಿಗಿ ಮಾಡಿದ್ದಲ್ಲ. ಮೊದಲ ದಿನ ನಾನು ಸ್ಕ್ರೂ ತಿರುಗಿಸಿದಾಗ ಸಿಗುವ ಬಿಗಿ ಬರೀ ಒತ್ತಡದ ಬಿಗಿ. ಆಮೇಲೆ ಶುರುವಾಗುತ್ತದೆ ನಿಜವಾದ ಕೆಲಸ. ಒತ್ತಡಕ್ಕೆ ಸಿಕ್ಕ ಹಳೆಯ ಮೂಳೆಯನ್ನು ದೇಹ ಕರಗಿಸುತ್ತದೆ, ಆ ಜಾಗದಲ್ಲಿ ಹೊಸ ಮೂಳೆ ಕಟ್ಟುತ್ತದೆ. ಹಳೆಯದು ಹೋಗುವುದು ಬೇಗ, ಹೊಸದು ಬರುವುದು ನಿಧಾನ. ಹಾಗಾಗಿ ಮೂರು-ನಾಲ್ಕನೇ ವಾರದ ಹೊತ್ತಿಗೆ ಇಂಪ್ಲಾಂಟ್ ಮೊದಲ ದಿನಕ್ಕಿಂತ ಸಡಿಲವಾಗಿರುತ್ತದೆ. ಇದನ್ನು ಇನ್ನೊಮ್ಮೆ ಓದಿ. ಎರಡು ವಾರದ ರಜೆ ಮುಗಿಸಿ, ಸಹಾರ್‌ನಲ್ಲಿ ವಿಮಾನ ಹತ್ತಿ, ಮ್ಯೂನಿಕ್‌ನಲ್ಲಿ ಗಟ್ಟಿ ಬ್ರೆಡ್ ಕಚ್ಚಲು ಶುರುಮಾಡುವ ಹೊತ್ತಿಗೇ ಅದು ಅತಿ ಸಡಿಲ.

ಆಗ ಅದರ ಮೇಲೆ ಭಾರ ಬಿದ್ದರೆ? ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು ಅಲುಗಾಡಿದರೂ ಸಾಕು, ಮೂಳೆಯ ಬದಲು ಸುತ್ತ ಮೆತ್ತಗಿನ ನಾರು ಬೆಳೆಯುತ್ತದೆ. ನೋವೂ ಇರಲಿಕ್ಕಿಲ್ಲ. ಕೆಲವು ತಿಂಗಳ ಮೇಲೆ ಒಂದು ದಿನ ಹಲ್ಲು ಕೈಗೆ ಬರುತ್ತದೆ. ಸ್ಲ್ಯಾಬ್ ಹಾಕಿದ ಮರುದಿನವೇ ಸೆಂಟರಿಂಗ್ ಬಿಚ್ಚುವ ಕಂಟ್ರಾಕ್ಟರನ್ನು ನಿಮ್ಮ ಸೊಸೈಟಿಯವರು ಬಿಡುತ್ತಾರಾ?

ಎಷ್ಟು ಕಾಯಬೇಕು? ಬ್ರೋನೆಮಾರ್ಕ್ ಕಾಲದಲ್ಲಿ ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು. ಈಗಿನ ಇಂಪ್ಲಾಂಟ್‌ಗಳ ಮೈ ಒರಟು ಮಾಡಿರುತ್ತಾರೆ, ಮೂಳೆ ಬೇಗ ಹಿಡಿಯುತ್ತದೆ. ಗಟ್ಟಿ ಮೂಳೆ ಇದ್ದರೆ ಆರರಿಂದ ಎಂಟು ವಾರದಲ್ಲೂ ಆಗಬಹುದು. ಮೂಳೆ ಮೆತ್ತಗಿದ್ದರೆ, ಮೂಳೆ ತುಂಬಿಸಬೇಕಾಗಿ ಬಂದರೆ ಜಾಸ್ತಿ. ಸಿಗರೇಟು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದರೆ ಸೋಲುವ ಸಂಭವವೂ ಹೆಚ್ಚು. ಯಾವ ಲೆಕ್ಕದಲ್ಲೂ ಎರಡು ವಾರ ಬರುವುದಿಲ್ಲ.

ಹಾಗಾದರೆ ಆ ನೆಂಟರ ಮೂರು ದಿನದ ಹಲ್ಲು? ಸುಳ್ಳು ಅನ್ನುವುದಿಲ್ಲ. ಹಾಗೂ ಮಾಡುತ್ತಾರೆ. ಒಂದು ದವಡೆಯ ಹಲ್ಲೆಲ್ಲ ಹೋದವರಿಗೆ ನಾಲ್ಕೈದು ಇಂಪ್ಲಾಂಟ್ ಹಾಕಿ, ಅವನ್ನು ಒಂದಕ್ಕೊಂದು ಗಟ್ಟಿಯಾಗಿ ಜೋಡಿಸಿ, ತಾತ್ಕಾಲಿಕ ಸೆಟ್ ಕೂರಿಸುವುದುಂಟು. ಅವು ಒಂದನ್ನೊಂದು ಹಿಡಿದುಕೊಳ್ಳುವುದರಿಂದ ಅಲುಗಾಟ ಕಡಿಮೆ. ಮುಂದಿನ ಹಲ್ಲು ಒಂದೇ ಹೋಗಿದ್ದರೆ ನೋಡಲು ಚೆನ್ನಾಗಿರಲಿ ಎಂದು ಎದುರು ಹಲ್ಲಿಗೆ ತಾಗದಂತೆ ಒಂದು ತಾತ್ಕಾಲಿಕ ಹಲ್ಲು ಕೊಡುತ್ತೇವೆ. ಎರಡೂ ಕಡೆ ತಿಂಗಳುಗಟ್ಟಲೆ ಮೆತ್ತಗಿನ ಊಟ, ಮತ್ತೆ ಬಂದು ಕಾಯಂ ಹಲ್ಲು. ಮೂರು ದಿನದಲ್ಲಿ ಹಲ್ಲು ಸಿಕ್ಕಿತು ಎಂದು ನೆಂಟರು ಹೇಳುತ್ತಾರೆ. ಆರು ತಿಂಗಳ ಮೇಲೆ ಮತ್ತೆ ಹೋದದ್ದನ್ನು ಹೇಳುವುದಿಲ್ಲ. ಅಗಿಯುವ ದವಡೆ ಹಲ್ಲು ಒಂದೇ ಇರುವಾಗ, ಇವತ್ತು ಕಿತ್ತು ಇವತ್ತೇ ಕಾಯಂ ಕ್ಯಾಪ್ ಹಾಕಿ ಕಳಿಸುತ್ತೇನೆ ಎಂದವರ ಹತ್ತಿರ ನಾನಂತೂ ನನ್ನ ಮಗನನ್ನು ಕಳಿಸುವುದಿಲ್ಲ.

ಈ ಹುಡುಗ ಮಾಡಬೇಕಾದದ್ದು ಇದು. ಡಿಸೆಂಬರಿನಲ್ಲಿ ಹಲ್ಲು ಕೀಳಿಸಲಿ. ಕೀವಿಲ್ಲದೆ, ಮೂಳೆ ಚೆನ್ನಾಗಿದ್ದರೆ ಅದೇ ದಿನ ಇಂಪ್ಲಾಂಟ್ ಒಳಗೆ ಕೂರಿಸಿ ಮುಚ್ಚಬಹುದು. ಇಲ್ಲದಿದ್ದರೆ ಗಾಯ ತುಂಬಲು ಬಿಟ್ಟು ಮುಂದಿನ ಸಲ. ಮೇಲಿನ ಕ್ಯಾಪ್ ಮುಂದಿನ ರಜೆಗೆ. ಒಂದು ವರ್ಷ ತಡವಾದರೂ ಒಳಗಿನ ಇಂಪ್ಲಾಂಟ್ ಮುನಿಸಿಕೊಳ್ಳುವುದಿಲ್ಲ. ಅಷ್ಟು ಸಲ ಬರಲಾಗುವುದಿಲ್ಲ ಎಂದರೆ ಪಕ್ಕದ ಎರಡು ಹಲ್ಲಿನ ಆಧಾರದಲ್ಲಿ ಬ್ರಿಡ್ಜ್ ಮಾಡಬಹುದು. ಅದಕ್ಕೆ ಒಳ್ಳೆಯ ಹಲ್ಲನ್ನು ಉಜ್ಜಬೇಕಾಗುತ್ತದೆ, ಕಿತ್ತ ಜಾಗವೂ ಮೊದಲು ಮಾಗಬೇಕು. ಆ ಹಲ್ಲುಗಳಿಗೆ ಮೊದಲೇ ಕ್ಯಾಪ್ ಇದ್ದರೆ ಮಾತ್ರ ನಾನು ಖುಷಿಯಿಂದ ಒಪ್ಪುತ್ತೇನೆ.

ರೂಟ್ ಕೆನಾಲ್‌ಗೆ ಎರಡು ವಾರ ಧಾರಾಳ. ಒಂದರಿಂದ ಮೂರು ಸಲ ಕೂರಬೇಕು. ಕ್ಯಾಪ್ ಲ್ಯಾಬಿನಿಂದ ಬರಲು ನಾಲ್ಕಾರು ದಿನ. ಕ್ಯಾಪ್ ಇಲ್ಲದೆ ಹೊರಡಬೇಡಿ, ದವಡೆ ಹಲ್ಲು ಸೀಳಿಕೊಳ್ಳುತ್ತದೆ. ಅರ್ಧಕ್ಕೆ ನಿಲ್ಲಿಸಿದ ಹಲ್ಲಿನೊಂದಿಗೆ ವಿಮಾನ ಹತ್ತಬೇಡಿ. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟೇ ಇರುತ್ತದೆ. ಹಲ್ಲಿನೊಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗಿದರೆ ನೋವು ತಡೆಯಲಾಗದು, ಇಳಿದು ಹೋಗಲೂ ಆಗದು.

ಎಲ್ಲಕ್ಕಿಂತ ದೊಡ್ಡ ಉಪಕಾರ ಅಂದರೆ ಮೊದಲ ದಿನವೇ ಬರುವುದು. ನಮ್ಮವರು ಹಾಗೆ ಮಾಡುವುದಿಲ್ಲ. ಬಂದಿಳಿದು ನಿದ್ದೆ, ಆಮೇಲೆ ಉಡುಪಿ, ಕಟೀಲು, ಅಜ್ಜಿ ಮನೆ, ಯಾರದೋ ಮದುವೆ. ಹೊರಡುವ ಮೂರು ದಿನ ಮುಂಚೆ, "ಡಾಕ್ಟ್ರೇ, ಬುದ್ಧಿ ಹಲ್ಲು ತೆಗೆದುಬಿಡಿ" ಎಂದು ಹಾಜರು. ಕಿತ್ತ ಜಾಗದ ರಕ್ತದ ಹೆಪ್ಪು ಕಳಚಿ ಭಯಂಕರ ನೋವು ಬರುವುದಿದ್ದರೆ ಅದು ಬರುವುದು ಎರಡರಿಂದ ನಾಲ್ಕನೇ ದಿನ. ಹೊಲಿಗೆ ಬಿಚ್ಚುವುದು ಒಂದು ವಾರಕ್ಕೆ. ಈಗ ನೀವೇ ಲೆಕ್ಕ ಹಾಕಿ. ಅಲ್ಲೇ ಒಂದು ಪೂರ್ತಿ ಬಾಯಿಯ ಎಕ್ಸ್‌ರೇ ತೆಗೆಸಿ ಮೊದಲೇ ಕಳಿಸಿದರೆ ಅರ್ಧ ಯೋಜನೆ ಬರುವ ಮುಂಚೆಯೇ ಆಗಿರುತ್ತದೆ. ಮುಖ ಊದಿ, ಜ್ವರ ಬಂದು, ಬಾಯಿ ತೆರೆಯಲು ಆಗದಿದ್ದರೆ ಮಾತ್ರ ರಜೆಗೆ ಕಾಯಬೇಡಿ. ಅಲ್ಲಿನ ಆಸ್ಪತ್ರೆಗೇ ಓಡಿ, ಎಷ್ಟೇ ಖರ್ಚಾದರೂ.

ಊರಿಗೆ ಹೋದಾಗ ಮಣಿಪಾಲದಲ್ಲೋ ದೇರಳಕಟ್ಟೆಯಲ್ಲೋ ಮಾಡಿಸಬಹುದಾ? ಖಂಡಿತ. ಕಾಲೇಜು ಆಸ್ಪತ್ರೆಗಳಲ್ಲಿ ಕೆಲಸ ಚೆನ್ನಾಗಿರುತ್ತದೆ, ದುಡ್ಡೂ ಕಡಿಮೆ. ಇಲ್ಲಿ ಮುಂಬೈ ಸೆಂಟ್ರಲ್‌ನ ಪಾಲಿಕೆಯ ನಾಯರ್ ಡೆಂಟಲ್ ಕಾಲೇಜು, ಸಿಎಸ್‌ಎಂಟಿ ಪಕ್ಕದ ಸರ್ಕಾರಿ ಡೆಂಟಲ್ ಕಾಲೇಜು ಇವೆ. ಆದರೆ ಕಾಲೇಜು ಅಂದರೆ ಸರದಿ, ತಾರೀಕು, ಮತ್ತೆ ಬನ್ನಿ. ಎರಡು ವಾರದ ರಜೆಗೆ ಅದು ಹೊಂದುವುದಿಲ್ಲ.

ಎಲ್ಲೇ ಮಾಡಿಸಿ, ಕಾಗದ ಕೇಳಿ ತೆಗೆದುಕೊಳ್ಳಿ. ಇಂಪ್ಲಾಂಟ್ ಡಬ್ಬಿಯ ಮೇಲೆ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಅದನ್ನು ಕಾರ್ಡಿಗೆ ಅಂಟಿಸಿ ಕೊಡಬೇಕು. ಒಂದು ಕಂಪನಿಯ ಇಂಪ್ಲಾಂಟಿಗೆ ಇನ್ನೊಂದರ ಸ್ಕ್ರೂಡ್ರೈವರ್ ಕೂಡ ಹಿಡಿಯದಿರಬಹುದು. ಜರ್ಮನಿಯ ಡಾಕ್ಟರು, "ಇದು ಯಾವುದೋ ಗೊತ್ತಿಲ್ಲ, ನಾನು ಮುಟ್ಟುವುದಿಲ್ಲ" ಎಂದರೆ ಅವರ ತಪ್ಪಲ್ಲ. ಪಾಪ, ಅವರಿಗೆ ಏನು ಗೊತ್ತು?

ಮಗನ ಹಲ್ಲು ಇಷ್ಟಾಯಿತು. ಈಗ ಯಾರೂ ಕೇಳದ ಪ್ರಶ್ನೆ ನಾನೇ ಕೇಳುತ್ತೇನೆ: ನಿಮ್ಮ ಹಲ್ಲು?

ಮಗಳ ಬಾಣಂತನಕ್ಕೆಂದು ಅಮ್ಮ ಆರು ತಿಂಗಳು ಅಮೆರಿಕಕ್ಕೆ ಹೊರಡುತ್ತಾರೆ. ಲೇಹ್ಯ, ಸಾರಿನ ಪುಡಿ, ಮಗುವಿನ ಕುಂಚಿಗೆ, ಎಲ್ಲ ತುಂಬಿಯಾಯಿತು. ಬಿಪಿ ಮಾತ್ರೆ ಆರು ತಿಂಗಳಿಗೆ ಆಯಿತು. ಎರಡು ವರ್ಷದಿಂದ ಜುಂ ಎನ್ನುವ ಆ ಹುಳುಕು ಹಲ್ಲನ್ನು ಮಾತ್ರ ಹಾಗೇ ತೆಗೆದುಕೊಂಡು ಹೋಗುತ್ತಾರೆ. ಪ್ರವಾಸಿ ವಿಮೆಗಳು ಹಲ್ಲಿಗೆ ಸಾಮಾನ್ಯವಾಗಿ ಕೊಡುವುದು ಹಠಾತ್ ನೋವು ಅಥವಾ ಅಪಘಾತಕ್ಕೆ ಮಾತ್ರ, ಅದೂ ಸಣ್ಣ ಮಿತಿಯೊಳಗೆ. ಹಳೆಯ ಹುಳುಕಿಗೆ ಅಲ್ಲಿ ಮಗಳ ಗಂಡನ ಜೇಬೇ ಗತಿ. ಬಾಯಿಬಿಟ್ಟು ಹೇಳಲು ಸಂಕೋಚವಾಗಿ, ಲವಂಗ ಇಟ್ಟುಕೊಂಡು ದಿನ ತಳ್ಳಿದವರನ್ನು ನಾನು ಬಲ್ಲೆ.

ಅದಕ್ಕೆ ಪರಿಹಾರ ಎಂದು ಸೂಟ್‌ಕೇಸಿನಲ್ಲಿ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆಯ ಪಟ್ಟಿ ಇಟ್ಟುಕೊಳ್ಳುವುದು ಇನ್ನೊಂದು ರೋಗ. ಹಲ್ಲಿನೊಳಗಿನ ನರ ಕೊಳೆತಿದ್ದರೆ ಅಲ್ಲಿಗೆ ರಕ್ತವೇ ಹೋಗುವುದಿಲ್ಲ, ಮಾತ್ರೆ ಹೇಗೆ ಹೋಗುತ್ತದೆ? ನಾಲ್ಕು ದಿನ ಬಾವು ಇಳಿದಂತೆ ಕಾಣುತ್ತದೆ, ಮತ್ತೆ ಬರುತ್ತದೆ. ಹಲ್ಲನ್ನು ತೆರೆದು ಸ್ವಚ್ಛ ಮಾಡಬೇಕು, ಇಲ್ಲವೇ ಕೀಳಬೇಕು. ಮೂರನೇ ದಾರಿ ಇಲ್ಲ.

ಹಾಗಾಗಿ ಟಿಕೆಟ್ ತೆಗೆದ ವಾರವೇ, ಅಂದರೆ ಹೊರಡಲು ಎರಡು ತಿಂಗಳಾದರೂ ಇರುವಾಗ, ಅಪ್ಪ-ಅಮ್ಮ ಇಬ್ಬರೂ ಬಂದು ಕೂರಿ. ನಿಮಗೆ ರಜೆಯ ಗಡಿಬಿಡಿ ಇಲ್ಲವಲ್ಲ, ನಾಯರ್‌ಗೆ ಹೋದರೂ ಆಗುತ್ತದೆ. ಹಲ್ಲಿನ ಸೆಟ್ ಇರುವವರು ಹಳೆಯ ಸೆಟ್ಟನ್ನು ಎಸೆಯಬೇಡಿ, ಜೊತೆಗೆ ಒಯ್ಯಿರಿ. ಹೊಸದು ಸಿಂಕಿಗೆ ಬಿದ್ದು ಮುರಿದರೆ ಅಲ್ಲಿ ರಿಪೇರಿಗೆ ವಾರ ಹಿಡಿಯಬಹುದು. ಒಯ್ಯುವಾಗ ಕೈಚೀಲದಲ್ಲಿಡಿ, ಒದ್ದೆ ಹತ್ತಿಬಟ್ಟೆ ಸುತ್ತಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಚೆಕ್-ಇನ್ ಬ್ಯಾಗಿನಲ್ಲಿ ಬೇಡವೇ ಬೇಡ.