ಎಲೆ ಕತ್ತರಿಸಿ ಅಣಬೆ ಬೆಳೆಸುವ ಇರುವೆ ನಮ್ಮ ತೋಟದಲ್ಲಿ ಇದೆಯೇ?

ಪ್ರಶ್ನೆ: ಎಲೆಯ ಚೂರುಗಳನ್ನು ಹೊತ್ತೊಯ್ದು ನೆಲದೊಳಗೆ ಶಿಲೀಂಧ್ರ ಬೆಳೆಸುವ ಇರುವೆಗಳನ್ನು ಟಿವಿಯಲ್ಲಿ ನೋಡಿದೆ. ನಮ್ಮ ಗೇರು ಮರಗಳಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಅದೇ ಜಾತಿಯೇ? ಹುತ್ತದ ಮೇಲೆ ಏಳುವ ಅಣಬೆಯೂ ಇರುವೆಯ ಬೆಳೆಯೇ? (ಬದಿಯಡ್ಕ ಸಮೀಪದ ಓದುಗರು)

ಎರಡೂ ಅಲ್ಲ. ಆದರೆ ಹುತ್ತದ ಕಡೆಗೆ ಕೈ ತೋರಿಸಿದ್ದರಲ್ಲಿ ನಿಮ್ಮ ಊಹೆ ಅರ್ಧ ಸರಿ.

ಚಗಳಿ ಎಲೆ ಕತ್ತರಿಸುವುದಿಲ್ಲ. ತನ್ನ ಮರಿಹುಳುಗಳು ಹೊರಬಿಡುವ ರೇಷ್ಮೆಯ ಎಳೆಯಿಂದ ಹಸಿರೆಲೆಗಳನ್ನು ಒಂದಕ್ಕೊಂದು ಸೇರಿಸಿ ಗೂಡು ಮಾಡುತ್ತದೆ, ಕೀಟಗಳನ್ನು ಹಿಡಿದು ತಿನ್ನುತ್ತದೆ. ಗೇರಿನ ಚಿಗುರಿನ ರಸ ಹೀರುವ ಟೀ ಸೊಳ್ಳೆಯನ್ನು ದೂರವಿಡುವ ಉಪಕಾರಿ ಅದು. ಕಚ್ಚುತ್ತದೆಂದು ಗೂಡಿಗೆ ಬೆಂಕಿ ಇಡಬೇಡಿ.

ನೀವು ಟಿವಿಯಲ್ಲಿ ಕಂಡದ್ದು ಅಟ್ಟಾ ಅಥವಾ ಅಕ್ರೊಮಿರ್ಮೆಕ್ಸ್ ಕುಲದ ಇರುವೆ. ಬೆನ್ನಿನ ಮೇಲೆ ಮೂರು ಜೊತೆ ಮುಳ್ಳುಗಳಿದ್ದರೆ ಅಟ್ಟಾ, ನಾಲ್ಕು ಜೊತೆ ಇದ್ದರೆ ಸಾಮಾನ್ಯವಾಗಿ ಅಕ್ರೊಮಿರ್ಮೆಕ್ಸ್. ಅಟ್ಟಾದ ಒಂದು ಪ್ರಭೇದಕ್ಕೆ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲೇ ಹೆಸರಿಟ್ಟಿದ್ದ. ಆದರೆ ಆ ಎಲೆಗಳು ಊಟವಲ್ಲ, ಅಣಬೆಗೆ ಹಾಕುವ ಗೊಬ್ಬರ ಎಂಬುದನ್ನು ನಿಕರಾಗುವಾದಲ್ಲಿ ಕಂಡುಕೊಂಡು 1874ರಲ್ಲಿ ಬರೆದವನು ಇಂಗ್ಲಿಷ್ ಪ್ರಕೃತಿತಜ್ಞ ಥಾಮಸ್ ಬೆಲ್ಟ್. ತೋಟಕ್ಕೆ ಸೊಪ್ಪು ಹೊತ್ತ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶಿಲೀಂಧ್ರ ಬೆಳೆಸುವ ಇರುವೆಗಳೆಲ್ಲ ಸೇರಿದ ಗುಂಪಿಗೆ ಅಟ್ಟಿನಾ ಎಂದು ಹೆಸರು. ಅದರಲ್ಲಿ ಸುಮಾರು 250 ಪ್ರಭೇದಗಳಿವೆ. ಹಸಿರೆಲೆ ಕತ್ತರಿಸುವವು ಅವುಗಳಲ್ಲಿ ಸಣ್ಣ ಪಾಲು. ಉಳಿದವು ಕಂಬಳಿಹುಳುವಿನ ಹಿಕ್ಕೆ, ಉದುರಿದ ಹೂವಿನೆಸಳು, ಒಣ ಕಸ ಹಾಕಿ ಬೇಸಾಯ ಮಾಡುತ್ತವೆ. ಅಟ್ಟಿನಾ ಗುಂಪು ಅಟ್ಟಿನಿ ಎಂಬ ದೊಡ್ಡ ಬಳಗದ ಒಂದು ಕವಲು. 2015ರ ಮರುವಿಂಗಡಣೆಯಲ್ಲಿ ಈ ಬಳಗಕ್ಕೆ ಫೀಡೋಲೆ ಕುಲವೂ ಸೇರಿತು. ಫೀಡೋಲೆ ಎಂದರೆ ನಮ್ಮ ಅಂಗಳದಲ್ಲಿ ಅನ್ನದ ಅಗುಳು ಎಳೆಯುವ ಪುಟ್ಟ ಇರುವೆ. ಅವುಗಳ ನಡುವೆ ತಲೆಯೇ ದೇಹವಾದಂತಿರುವ ಸೈನಿಕರನ್ನು ನೀವು ಕಂಡಿರಬಹುದು. ಹೀಗಾಗಿ ದಾಯಾದಿಗಳು ಕಾಸರಗೋಡಿನಲ್ಲೂ ಇದ್ದಾರೆ, ಬೇಸಾಯಗಾರರು ಮಾತ್ರ ಇಲ್ಲ.

ಏಕಿಲ್ಲ? ಹವೆ ಒಗ್ಗುವುದಿಲ್ಲ ಎನ್ನುವಂತಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿದ ಮಳೆ, ವರ್ಷವಿಡೀ ಸೆಕೆ, ಬೇಕಾದಷ್ಟು ಸೊಪ್ಪು ಇಲ್ಲಿದೆ. ಅತ್ತ ಇದೇ ಗುಂಪಿನ ಒಂದು ಪ್ರಭೇದ ಹಿಮ ಬೀಳುವ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ವರೆಗೂ ಹಬ್ಬಿದೆ; ದಕ್ಷಿಣದಲ್ಲಿ ಅರ್ಜೆಂಟೀನಾದವರೆಗೆ ಇವುಗಳ ಸೀಮೆ. ಅಮೆರಿಕ ಖಂಡಗಳ ಆಚೆ ಸಹಜವಾಗಿ ಎಲ್ಲಿಯೂ ಇಲ್ಲ. ಕಾರಣ ಕಾಲ. ದಕ್ಷಿಣ ಅಮೆರಿಕ ಆಫ್ರಿಕಾದಿಂದ ಕಡಿದುಕೊಂಡು ಸುಮಾರು 10 ಕೋಟಿ ವರ್ಷಗಳಾದವು. ಇರುವೆಗಳು ಅಲ್ಲಿ ಈ ಬೇಸಾಯ ಕಲಿತದ್ದು ಸುಮಾರು 6 ಕೋಟಿ ವರ್ಷಗಳ ಹಿಂದೆ. ಅಷ್ಟರಲ್ಲಿ ನಡುವೆ ಕಡಲು ಬಂದಾಗಿತ್ತು. ಹೊಸ ರಾಣಿ ತವರಿನ ಶಿಲೀಂಧ್ರದ ತುಣುಕೊಂದನ್ನು ಬಾಯೊಳಗಿನ ಚೀಲದಲ್ಲಿಟ್ಟುಕೊಂಡು ಹಾರುತ್ತದೆ. ಆ ಬೀಜದೊಂದಿಗೆ ಅಟ್ಲಾಂಟಿಕ್ ದಾಟಲು ಸಾಧ್ಯವೇ?

ಇನ್ನು ಹುತ್ತ. ಅದನ್ನು ಕಟ್ಟುವುದು ಗೆದ್ದಲು. ಇರುವೆಗೆ ಕಣಜ ಮತ್ತು ಜೇನು ನಂಟರಾದರೆ, ಗೆದ್ದಲಿಗೆ ಜಿರಳೆ ನಂಟ. ನಮ್ಮಲ್ಲಿ ಹುತ್ತ ಕಟ್ಟುವ ಒಡೊಂಟೊಟರ್ಮಿಸ್ ಕುಲದ ಗೆದ್ದಲು ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸುತ್ತದೆ. ಅಡಿಕೆ ಸಸಿಗೆ ಗುಂಡಿ ತೋಡುವಾಗ ಒಮ್ಮೆ ಅದರ ತೋಟ ನನ್ನ ಗುದ್ದಲಿಗೆ ಸಿಕ್ಕಿತ್ತು: ಸ್ಪಂಜಿನಂತಹ ಕಂದು ಮುದ್ದೆ, ಅದರ ಮೇಲೆ ಗಸಗಸೆ ಚೆಲ್ಲಿದಂತೆ ಬಿಳಿಯ ಕಾಳುಗಳು. ಬಹಳ ಹೊತ್ತು ಅಲ್ಲೇ ಕುಳಿತು ನೋಡಿದೆ. ಮಳೆ ಹಿಡಿದ ಮೇಲೆ ಹುತ್ತದ ಬಳಿ ಏಳುವ ಅಣಬೆಯನ್ನು ಮೆಲ್ಲನೆ ಎಳೆದು ನೋಡಿ, ಬೇರಿನಂತಹ ಉದ್ದನೆಯ ಬುಡ ಬರುತ್ತದೆ. ಅದು ಇಳಿದಿರುವುದು ಆ ತೋಟಕ್ಕೇ. ವಿಶೇಷವೆಂದರೆ, ಶಿಲೀಂಧ್ರ ಬೆಳೆಸುವ ಗೆದ್ದಲು ಇರುವುದು ಆಫ್ರಿಕಾ ಮತ್ತು ಏಷ್ಯಾಗಳಲ್ಲಿ, ಅಮೆರಿಕದಲ್ಲಿ ಒಂದೂ ಇಲ್ಲ.

ಮನೆಯ ಗುಲಾಬಿ ಎಲೆಗಳ ಅಂಚಿನಲ್ಲಿ ಬಳೆಯ ಚೂರಿನಂತೆ ದುಂಡಗೆ ಕತ್ತರಿಸಿದ ಗುರುತು ಕಂಡರೆ ಅದೂ ಇರುವೆಯ ಕೆಲಸವಲ್ಲ. ಒಂಟಿಯಾಗಿ ಬದುಕುವ ಎಲೆಕತ್ತರಿ ಜೇನು ತನ್ನ ಮೊಟ್ಟೆಗೆ ತೊಟ್ಟಿಲು ಹೊದಿಸಲು ಒಯ್ದ ಎಲೆ ಅದು.