ರೀಸ್ಟಾರ್ಟ್ ಕೊಟ್ಟ ಮೇಲೆ ಕಂಪ್ಯೂಟರ್ ಒಳಗೆ ನಡೆಯುವುದೇನು?

ಮೂಡಿಗೆರೆ ಕಡೆ ಒಂದು ಕಾಫಿ ತೋಟದ ಆಫೀಸಿನಲ್ಲಿ ಲಿನಕ್ಸ್ (ವಿಂಡೋಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿದ ಹಳೆಯ ಕಂಪ್ಯೂಟರ್ ಇದೆ. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ಹಣ್ಣಿನ ತೂಕ ಎಲ್ಲ ಅದರಲ್ಲೇ. ಕಳೆದ ಮಳೆಗಾಲದಲ್ಲಿ ಚಿಕ್ಕಮಗಳೂರಿನಿಂದಲೇ ಅದಕ್ಕೆ ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಕೊಟ್ಟೆ. ಮತ್ತೆ ಏಳಲೇ ಇಲ್ಲ. ತೋಟದ ಲೆಕ್ಕ ಬರೆಯುವ ರೈಟ್ರಿಗೆ ಫೋನ್ ಮಾಡಿದೆ. "ಸಾರ್, ರೀಸ್ಟಾರ್ಟಿಂಗ್ ಸಿಸ್ಟಮ್ ಅಂತ ಬಂದು ಹಂಗೇ ನಿಂತಿದೆ" ಅಂದರು.

ಆ ಸಾಲು ಕೇಳಿ ನನಗೆ ಅರ್ಧ ಸಮಾಧಾನವಾಯಿತು. ಸಾಮಾನ್ಯವಾಗಿ ಅದು ಕಾಣಿಸುವಷ್ಟರಲ್ಲಿ ಪ್ರೋಗ್ರಾಮ್‌ಗಳು ನಿಂತು, ಫೈಲ್‌ಗಳು ಡಿಸ್ಕಿಗೆ ಬರೆದಾಗಿರುತ್ತವೆ. ಪವರ್ ಬಟನ್ ಒತ್ತಿ ಹಿಡಿಯಲು ಹೇಳಿದೆ. ಲೆಕ್ಕ ಯಾವುದೂ ಕೆಡಲಿಲ್ಲ.

ಹಾಗಾದರೆ ನಿಂತದ್ದು ಎಲ್ಲಿ? ಲಿನಕ್ಸಿನ ತಿರುಳಾದ ಕರ್ನಲ್ ತನ್ನ ಕೆಲಸ ಮುಗಿಸಬಹುದು, ಆದರೆ ಇಡೀ ಮದರ್‌ಬೋರ್ಡನ್ನು ಮೊದಲಿನಿಂದ ಶುರು ಮಾಡಲು ಹಾರ್ಡ್‌ವೇರ್ ಅಥವಾ ಫರ್ಮ್‌ವೇರ್‌ (ಬೋರ್ಡಿನ ಚಿಪ್ಪಿನಲ್ಲೇ ಇರುವ ಪ್ರೋಗ್ರಾಮ್) ಹತ್ತಿರ ಕೇಳಲೇಬೇಕು. ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಲಿನಕ್ಸ್ ಸಾಮಾನ್ಯವಾಗಿ ಮೊದಲು ನೋಡುವುದು ಎಸಿಪಿಐ ಪಟ್ಟಿಯನ್ನು. ಯಾವ ರಿಜಿಸ್ಟರಿಗೆ (ಚಿಪ್ಪಿನೊಳಗೆ ಸಂಖ್ಯೆ ಇಡುವ ಪುಟ್ಟ ಖಾನೆ) ಯಾವ ಸಂಖ್ಯೆ ಬರೆದರೆ ರೀಸೆಟ್ ಆಗುತ್ತದೆ ಎಂದು ಬೋರ್ಡ್ ಮಾಡಿದವರೇ ಅದರಲ್ಲಿ ಬರೆದಿಟ್ಟಿರುತ್ತಾರೆ.

ಅದು ಫಲಿಸದಿದ್ದರೆ ಮುಂದಿನ ದಾರಿ ಕೀಬೋರ್ಡ್ ಕಂಟ್ರೋಲರ್! ಇದರ ಕಥೆ ನನಗೆ ತುಂಬಾ ಇಷ್ಟ. ಇಂಟೆಲ್ಲಿನ ಹಳೆಯ ಸಿಪಿಯು 80286 ಚಿಪ್ ಒಮ್ಮೆ, ಹೆಚ್ಚು ಮೆಮೊರಿ ಬಳಸುವ ಪ್ರೊಟೆಕ್ಟೆಡ್ ಮೋಡ್‌ಗೆ ಹೋದರೆ ಹಳೆಯ ರಿಯಲ್ ಮೋಡ್‌ಗೆ ಮರಳಲು ರೀಸೆಟ್ ಬಿಟ್ಟು ಬೇರೆ ದಾರಿ ಇರಲಿಲ್ಲ. ಅದಕ್ಕೇ 1984ರ ಐಬಿಎಂ ಪಿಸಿ ಎಟಿಯಲ್ಲಿ ಕೀಬೋರ್ಡ್ ನೋಡಿಕೊಳ್ಳುತ್ತಿದ್ದ ಚಿಪ್ಪಿನ ಒಂದು ಕಾಲನ್ನೇ (ಪಿನ್) ಸಿಪಿಯುವಿನ ರೀಸೆಟ್‌ಗೆ ಜೋಡಿಸಿದರು. ಹೆಕ್ಸ್ (ಹದಿನಾರರ) ಲೆಕ್ಕದಲ್ಲಿ 64ನೇ ಪೋರ್ಟಿಗೆ (ಸಿಪಿಯು ಬೇರೆ ಚಿಪ್ಪಿನ ಜೊತೆ ಮಾತಾಡುವ ಬಾಗಿಲು) ಎಫ್‌ಇ ಎಂದು ಕಳಿಸಿದರೆ ಸಾಕು, ರೀಸೆಟ್. ಇವತ್ತಿಗೂ ಕರ್ನಲ್ ಆ ಬಾಗಿಲನ್ನು ತಟ್ಟುತ್ತದೆ, ಒಂದಲ್ಲ, ಹತ್ತು ಸಲ.

ಅಲ್ಲೂ ಆಗದಿದ್ದರೆ ಈಗಿನ ಯಂತ್ರಗಳ ಫರ್ಮ್‌ವೇರ್ ಆದ ಯುಇಎಫ್‌ಐಗೆ ಕೇಳುವುದು, ರೀಸೆಟ್ ಮಾಡಿಸುವ ಸಿಎಫ್9 ಪೋರ್ಟಿಗೆ ಬರೆಯುವುದು ಎಲ್ಲ ಇವೆ. ಟ್ರಿಪಲ್ ಫಾಲ್ಟ್ ಎನ್ನುವುದೂ ಒಂದಿದೆ. ಸಿಪಿಯುಗೆ ಸಂಭಾಳಿಸಲಾಗದ ತಪ್ಪನ್ನು ಬೇಕೆಂದೇ ಮಾಡಿಸಿ, ಅದು ತಾನೇ ರೀಸೆಟ್ ಆಗುವಂತೆ ಮಾಡುವುದು.

ಇಷ್ಟೆಲ್ಲ ದಾರಿ ಇದ್ದೂ ಯಾಕೆ ನಿಲ್ಲುತ್ತದೆ, ಅಲ್ವಾ? ಒಂದು ದಾರಿ ಸುಮ್ನೆ ಸೋತರೆ ಕರ್ನಲ್ ಮುಂದಿನದಕ್ಕೆ ಹೋಗುತ್ತದೆ. ಆದರೆ ಆ ಪ್ರಯತ್ನದಲ್ಲೇ ಯಂತ್ರ ಹೆಪ್ಪುಗಟ್ಟಿದರೆ ಮುಂದಿನದನ್ನು ನೋಡಲು ಯಾರೂ ಉಳಿದಿರುವುದಿಲ್ಲ. ಹೀಗೆ ಕೈಕೊಡುವ ಬೋರ್ಡ್‌ಗಳ ಹೆಸರುಪಟ್ಟಿಯೇ ಕರ್ನಲ್ ಕೋಡಿನಲ್ಲಿದೆ. ಪಟ್ಟಿಯಲ್ಲಿಲ್ಲದ ಬೋರ್ಡಿಗೆ ದಾರಿ ನಾವೇ ತೋರಿಸಬೇಕು.

ಮಾರನೇ ದಿನ ತೋಟಕ್ಕೆ ಹೋಗಿ ಗ್ರಬ್ (ಕಂಪ್ಯೂಟರ್ ಏಳುವಾಗ ಕರ್ನಲ್ ಶುರು ಮಾಡುವ ಪ್ರೋಗ್ರಾಮ್) ಫೈಲಿನ ಕರ್ನಲ್ ಸಾಲಿಗೆ 'ರೀಬೂಟ್=ಪಿಸಿಐ' ಎಂದು ಸೇರಿಸಿದೆ. ಇದರ ಅರ್ಥ ನೇರ ಸಿಎಫ್9 ಪೋರ್ಟಿಗೇ ಹೋಗು ಎಂದು. ಎಸಿಪಿಐ, ಇಎಫ್‌ಐ, ಕೆಬಿಡಿ (ಕೀಬೋರ್ಡ್ ದಾರಿ) ಎಂದೂ ಕೊಡಬಹುದು. ಯಾವುದು ಒಗ್ಗುತ್ತದೆ ಎಂದು ಆ ಯಂತ್ರದ ಮುಂದೆ ಕೂತೇ ನೋಡಬೇಕು. ದೂರದಿಂದ ಈ ಪ್ರಯೋಗ ದಯವಿಟ್ಟು ಬೇಡ. ಈಗ ನಾನು ಯಾವ ತೋಟಕ್ಕೆ ಹೊಸ ಕಂಪ್ಯೂಟರ್ ಕೂರಿಸಿದರೂ, ಹೊರಡುವ ಮೊದಲು ಮೂರು ಸಲ ರೀಸ್ಟಾರ್ಟ್ ಕೊಟ್ಟು, ಮೂರು ಸಲವೂ ತಾನೇ ಎದ್ದದ್ದನ್ನು ನೋಡಿಯೇ ಗಾಡಿ ಹತ್ತುತ್ತೇನೆ.