ರಾಜನನ್ನಲ್ಲ, ಬಳ್ಳಿಯನ್ನು ನೋಡಿ

ಹದಿನಾರನೇ ಶತಮಾನದ ಯುರೋಪಿನ ತಾಮ್ರತಗಡಿನ ಮುದ್ರಣಗಳನ್ನು ನೋಡುವವರು ಮೊದಲು ಕೇಳುವುದು, ‘ನಡುವೆ ಕೂತಿರುವ ಈ ರಾಜ ಯಾರು?’ ಹೆಂಗಸರ ನಡುವೆ ಹೆಣ್ಣುಡುಗೆ ತೊಟ್ಟು ನೂಲುತ್ತಿದ್ದರೆ ಅವನು ಇಂದಿನ ಇರಾಕಿನ ಕಡೆಯ ಪ್ರಾಚೀನ ರಾಜ್ಯ ಅಸ್ಸೀರಿಯದ ದೊರೆ ಸಾರ್ಡನಪಾಲಸ್ ಇರಬಹುದು. ಆದರೆ ಅವಸರ ಬೇಡ. ಗ್ರೀಕ್ ಪುರಾಣದಲ್ಲಿ ರಾಣಿ ಓಂಫಲೆಯ ದಾಸನಾದ ವೀರ ಹರ್ಕ್ಯುಲಿಸನೂ ಹೀಗೆಯೇ ನೂಲುತ್ತಾನೆ. ಪಕ್ಕದಲ್ಲಿ ಸಿಂಹದ ಚರ್ಮವೋ ಗದೆಯೋ ಇದೆಯೇ ಎಂದು ಹುಡುಕಿ; ಇದ್ದರೆ ಅವನು ಹರ್ಕ್ಯುಲಿಸ್.

ಸಾರ್ಡನಪಾಲಸನ ಕಥೆ ಗ್ರೀಕರದು. ಪರ್ಷಿಯದ ಅರಮನೆಯಲ್ಲಿ ವೈದ್ಯನಾಗಿದ್ದ ಕ್ಟೀಸಿಯಸ್ ಬರೆದದ್ದನ್ನು ಮುಂದೆ ಇತಿಹಾಸಕಾರ ಡಿಯೋಡೋರಸ್ ಉಳಿಸಿಕೊಟ್ಟ. ಭೋಗದಲ್ಲಿ ಮುಳುಗಿದ ಕಡೆಯ ದೊರೆ, ಶತ್ರುಗಳು ಮುತ್ತಿದಾಗ ಸಂಪತ್ತು, ಉಪಪತ್ನಿಯರ ಸಮೇತ ಚಿತೆಯೇರಿದನಂತೆ. ಇತಿಹಾಸದಲ್ಲಿ ಅಂಥ ರಾಜನಿಲ್ಲ. ಹೆಸರಿನಲ್ಲಿ ಮಾತ್ರ ಅಸ್ಸೀರಿಯದ ನಿಜವಾದ ದೊರೆ ಅಶುರ್ಬನಿಪಾಲನ ನೆನಪಿದೆ. ಅವನೋ ತನಗೆ ಓದುಬರಹ ಬರುತ್ತದೆಂದು ಹೆಮ್ಮೆಪಟ್ಟು ರಾಜಧಾನಿ ನಿನೆವೆಯಲ್ಲಿ ಜೇಡಿಮಣ್ಣಿನ ಫಲಕಗಳ ಗ್ರಂಥಾಲಯ ಕಟ್ಟಿದವನು. ನಗರ ಬಿದ್ದದ್ದು ಕ್ರಿ.ಪೂ. 612ರಲ್ಲಿ, ಅವನು ಸತ್ತ ಮೇಲೆ. ಆ ಫಲಕಗಳನ್ನು ಓದಲಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಹಾಗಾಗಿ ಹದಿನಾರನೇ ಶತಮಾನದಲ್ಲಿ ಕೆತ್ತುವವನ ಕೈಯಲ್ಲಿದ್ದದ್ದು ಗ್ರೀಕರು ಹೊರಿಸಿದ ಆ ಅಪವಾದವೊಂದೇ.

ಇಂಥ ಹಳೆಯ ಹಾಳೆಗಳನ್ನು ದುರಸ್ತಿ ಮಾಡುವ ನನ್ನ ಕಣ್ಣು ಹೋಗುವುದು ಮಾತ್ರ ಅಂಚಿಗೆ. ಅಲ್ಲಿ ಬಳ್ಳಿ, ಹಣ್ಣಿನ ಗೊಂಚಲು, ಅರೆಮನುಷ್ಯ ಅರೆಮೃಗದ ಆಕೃತಿಗಳು. ಜರ್ಮನಿಯ ಹೈನ್ರಿಖ್ ಆಲ್ಡೆಗ್ರೇವರ್, ಫ್ರಾನ್ಸಿನ ಎಟಿಯೆನ್ ಡೆಲೋನ್ ಇಬ್ಬರೂ ಅಕ್ಕಸಾಲಿ ಕಸುಬು ಬಲ್ಲವರು. ಆಲ್ಡೆಗ್ರೇವರ್ ಕಠಾರಿಯ ಒರೆಗೂ ಚಮಚಕ್ಕೂ ಮಾದರಿ ಕೆತ್ತಿದ. ಇಂಥ ಹಾಳೆಗಳನ್ನು ಬೆಳ್ಳಿ ತಟ್ಟೆ, ಕತ್ತಿಯ ಹಿಡಿ ಮಾಡುವವರು ಕೊಳ್ಳುತ್ತಿದ್ದರು. ನಡುವಿನ ಚಿತ್ರ ವಿಲಾಸವನ್ನು ಖಂಡಿಸುತ್ತದೆ; ಸುತ್ತಲಿನ ಅಲಂಕಾರ ಅದೇ ವಿಲಾಸಕ್ಕೆ ಬೇಕಾದ ವಿನ್ಯಾಸವನ್ನು ಮಾರುತ್ತದೆ. ನನಗೆ ಎರಡನೆಯದೇ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ.

ತಗಡಿನ ಮೇಲೆ ಉಳಿಯಿಂದ ಕೊರೆದ ಗೆರೆಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಉರುಳೆಯಲ್ಲಿ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಮೂಡುತ್ತದೆ. ಕೆತ್ತುವವನು ತಿರುವಿ ಯೋಚಿಸದಿದ್ದರೆ ದೊರೆ ಎಡಚನಾಗುತ್ತಾನೆ!

ಕುಶಲಕರ್ಮಿಗಳ ಕಾರ್ಯಾಗಾರದಲ್ಲಿ ಬಳಕೆಯಾದ ಹಾಳೆಗಳು ಸವೆದು, ಹರಿದು ಹೋದವು. ಉಳಿದವುಗಳಲ್ಲಿ ಕೆಲವೊಮ್ಮೆ ಗೆರೆಗುಂಟ ಸೂಜಿಯ ತೂತುಗಳಿರುತ್ತವೆ: ಅವುಗಳ ಮೂಲಕ ಪುಡಿ ಉದುರಿಸಿ ವಿನ್ಯಾಸವನ್ನು ಇನ್ನೊಂದು ಮೇಲ್ಮೈಗೆ ಇಳಿಸಿದ ಗುರುತು. ಹಾಳೆ ಚೊಕ್ಕವಾಗಿ ಕಾಣಲೆಂದು ಮಾಲೀಕರು ಅವನ್ನು ಮುಚ್ಚಿಕೊಡಿ ಎನ್ನುತ್ತಾರೆ. ಕಾಗದ ಅಲ್ಲಿಂದ ಹರಿಯುವಂತಿದ್ದರೆ ಹಿಂದಿನಿಂದ ತೆಳು ಕಾಗದದ ಆಧಾರ ಕೊಡುತ್ತೇನೆ, ತೂತನ್ನು ತುಂಬುವುದಿಲ್ಲ.